ಕೊನೇ ರೀಲಿನಲ್ಲಿ ಅವಳನ್ನು ಏನು ಮಾಡಿದಿರಿ?

ಸಿನಿಮಾದಲ್ಲಿ ಹೆಣ್ಣಿನ ಮೈ ಅಂತ ಮಾತು ಶುರುವಾದರೆ ಸಾಕು, ನಮ್ಮ ಜನ ಟೇಪು ಹಿಡಿದುಕೊಂಡು ಅಳತೆಗೆ ನಿಂತುಬಿಡುತ್ತಾರೆ. ಸೊಂಟ ಎಷ್ಟು ಕಾಣಿಸಿತು, ಲಂಗ ಎಷ್ಟು ಮೇಲಿತ್ತು, ಮಳೆ ಹಾಡಿನಲ್ಲಿ ಸೀರೆ ಎಷ್ಟು ಒದ್ದೆಯಾಯಿತು.... ಒಂದು ಗುಂಪು 'ಸಂಸ್ಕೃತಿ ಹಾಳಾಯ್ತು' ಅಂತ ಬೊಬ್ಬೆ ಹೊಡೆಯುತ್ತದೆ. ಇನ್ನೊಂದು ಗುಂಪು 'ನಿಮ್ಮ ಕಣ್ಣೇ ಸರಿಯಿಲ್ಲ ಬಿಡಿ' ಅಂತ ತಿರುಗಿ ಬೀಳುತ್ತದೆ. ಎರಡು ದಿನ ಗಲಾಟೆ. ಆಮೇಲೆ ಎಲ್ಲರೂ ಸೇರಿ ಮುಂದಿನ ಶುಕ್ರವಾರದ ಸಿನಿಮಾಕ್ಕೆ ಹೊರಡುತ್ತಾರೆ.

ನನ್ನ ತಕರಾರು ಈ ಅಳತೆಪಟ್ಟಿಯ ಮೇಲೇ. ಎಷ್ಟು ತೋರಿಸಿದರು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ ಸ್ವಾಮಿ. ಒಂಬತ್ತು ಗಜದ ಸೀರೆ ಉಡಿಸಿ, ತಲೆ ಮೇಲೆ ಸೆರಗು ಹೊದೆಸಿ, ಹೂ ಮುಡಿಸಿ ಒಬ್ಬ ಹೆಂಗಸನ್ನು ಕೊಲ್ಲಬಹುದು. ನಮ್ಮ ಸಾಹಿತ್ಯ, ಸಿನಿಮಾ ಎರಡೂ ಅದನ್ನು ಬಹಳ ಚೆನ್ನಾಗಿ ಮಾಡಿಕೊಂಡು ಬಂದಿವೆ. ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ. ಕೊನೇ ರೀಲಿನಲ್ಲಿ, ಕೊನೇ ಅಧ್ಯಾಯದಲ್ಲಿ, ಅವಳನ್ನು ಏನು ಮಾಡಿದಿರಿ?

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರೆಯುವ ಓದುವ ನಮ್ಮಂಥವರಿಗೆ ಒಂದು ಕೆಟ್ಟ ಚಾಳಿ ಇದೆ. ಕಮರ್ಷಿಯಲ್ ಸಿನಿಮಾದ ಐಟಂ ಸಾಂಗ್ ಬೈದು, ಕೈ ತೊಳೆದುಕೊಂಡು, ನವ್ಯದ ಕಾದಂಬರಿ ತೆಗೆದು ಕೂರುತ್ತೇವೆ. ಅಲ್ಲಿ ಇರುವುದು ಅಸ್ತಿತ್ವದ ಪ್ರಶ್ನೆ, ಇಲ್ಲಿ ಇರುವುದು ಗಾಂಧಿನಗರದ ಮಸಾಲೆ ಅಂತ ನಮ್ಮ ಲೆಕ್ಕ. ಈ ಲೆಕ್ಕ ತಪ್ಪು. ಆದ್ದರಿಂದ ದೊಡ್ಡವರಿಂದಲೇ ಶುರು ಮಾಡೋಣ.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಕನ್ನಡದಲ್ಲಿ ಇಷ್ಟು ಚರ್ಚೆಯಾದ ಕಾದಂಬರಿ ಇನ್ನೊಂದು ಇರಲಿಕ್ಕಿಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಅವನ ಹೆಣ ಯಾರು ಸುಡಬೇಕು? ಇಡೀ ಅಗ್ರಹಾರ ತಲೆ ಕೆರೆದುಕೊಳ್ಳುತ್ತದೆ. ಪ್ರಾಣೇಶಾಚಾರ್ಯರು ತಾಳೆಗರಿ ಹುಡುಕುತ್ತಾರೆ, ಮಾರುತಿಯ ಮುಂದೆ ಕೂರುತ್ತಾರೆ, ಉತ್ತರ ಸಿಗುವುದಿಲ್ಲ. ಹೆಣ ನಾರುತ್ತಿದೆ, ಇಲಿಗಳು ಸಾಯುತ್ತಿವೆ. ಆಗ ಉತ್ತರ ಕಂಡುಕೊಂಡವಳು ಯಾರು? ಚಂದ್ರಿ. ನಾರಣಪ್ಪ ಇಟ್ಟುಕೊಂಡಿದ್ದ ಹೆಂಗಸು. ಮೊದಲು ತನ್ನ ಮೈಮೇಲಿನ ಚಿನ್ನ ಬಿಚ್ಚಿ 'ಇದರಲ್ಲಿ ಖರ್ಚು ಆಗಲಿ' ಅಂತ ಇಟ್ಟಳು. ಆ ಚಿನ್ನ ನೋಡಿ ಬ್ರಾಹ್ಮಣರ ಬಾಯಲ್ಲಿ ನೀರೂರಿತೇ ಹೊರತು ಹೆಣ ಎದ್ದು ಹೋಗಲಿಲ್ಲ. ಕೊನೆಗೆ ರಾತ್ರಿ ಒಬ್ಬ ಮುಸಲ್ಮಾನನ ಸಹಾಯ ಪಡೆದು ಸದ್ದಿಲ್ಲದೆ ಹೆಣ ಸುಟ್ಟು, ಕುಂದಾಪುರದ ದಾರಿ ಹಿಡಿದಳು.

ನೋಡಿ, ಇಡೀ ಕಾದಂಬರಿಯ ಸಮಸ್ಯೆಯನ್ನು ಅವಳು ಒಂದು ರಾತ್ರಿಯಲ್ಲಿ ಬಗೆಹರಿಸಿದಳು! ಆದರೆ ಕತೆ ಅವಳ ಹಿಂದೆ ಹೋಗುವುದಿಲ್ಲ. ಕತೆ ಆಚಾರ್ಯರ ಹಿಂದೆ ಹೋಗುತ್ತದೆ. ಜಾತ್ರೆ, ಕೋಳಿ ಅಂಕ, ಊಟದ ಪಂಕ್ತಿ, ಗಾಡಿ, ಒಳತೋಟಿ.... ಅವರಿಗೊಂದು ದೀರ್ಘ ಪ್ರಯಾಣ ಸಿಗುತ್ತದೆ. ಅವಳ ಮೈ ಮಾಡಬೇಕಾದ ಕೆಲಸ ಕಾಡಿನ ಕತ್ತಲೆಯಲ್ಲೇ ಮುಗಿದಿತ್ತು. ಅಂಥ ಪುಣ್ಯವಂತರಿಂದ ಮಗು ಆಗಲಿ ಅನ್ನುವ ಆಸೆ ಚಂದ್ರಿಗೂ ಇತ್ತು, ಅದು ಕಾದಂಬರಿಯಲ್ಲೇ ಇದೆ. ಆ ಆಸೆ ಏನಾಯಿತು ಅಂತ ಯಾರಾದರೂ ಹಿಂತಿರುಗಿ ನೋಡಿದರಾ?

ಭಾಗೀರಥಿಯನ್ನು ನೆನಪು ಮಾಡಿಕೊಳ್ಳಿ. ಆಚಾರ್ಯರ ರೋಗಿಷ್ಠ ಹೆಂಡತಿ. ರೋಗಿ ಅಂತ ಗೊತ್ತಿದ್ದೇ ಮದುವೆಯಾದದ್ದು, ಅವಳ ಸೇವೆ ಮಾಡಿ ಪುಣ್ಯ ಗಳಿಸಲು. ಒಬ್ಬಳ ಬತ್ತಿದ ಮೈ ಅವರ ಮೋಕ್ಷದ ಮೆಟ್ಟಿಲು, ಇನ್ನೊಬ್ಬಳ ತುಂಬಿದ ಮೈ ಅವರ ಪತನದ ಮೆಟ್ಟಿಲು. ಎರಡೂ ಮೆಟ್ಟಿಲೇ. ಇನ್ನು ದಲಿತರ ಬೆಳ್ಳಿ ಇದ್ದಾಳಲ್ಲ, ಅವಳ ಕತೆ ಇನ್ನೂ ಬಯಲು. ಶ್ರೀಪತಿಗೆ ಅವಳು ಮಲಗಲು ಬೇಕು, ಮಾತಾಡಿದರೆ ಬೇಜಾರು. ಅವಳ ಗುಡಿಸಲಿನಲ್ಲಿ ಹೆತ್ತವರು ಸಾಯುತ್ತಿರುವ ಸುದ್ದಿ ಅವನ ಕಿವಿಗೆ ಸರಿಯಾಗಿ ಬೀಳುವುದೂ ಇಲ್ಲ. ಬ್ರಾಹ್ಮಣ ಹೆಂಗಸರದ್ದು ಒಣಗಿದ ಮೈ, ಕೆಳಜಾತಿ ಹೆಂಗಸರದ್ದು ಮಾಗಿದ ಮೈ. ಈ ಹೋಲಿಕೆ ಯಾರ ಕಣ್ಣಿನದು? ಜಾತಿಯನ್ನು ಮುರಿಯಲು ಹೊರಟವನಿಗೂ ಬೇಕಾದದ್ದು ಅವಳ ಮೈ ಮಾತ್ರ.

ಈಗ ನೀವು ಹೇಳುತ್ತೀರಿ, ಗೊತ್ತು. 'ಅನಂತಮೂರ್ತಿ ಆ ಗಂಡಸರನ್ನು ಹೊಗಳಿಲ್ಲ, ಟೀಕೆ ಕಾದಂಬರಿಯ ಒಳಗೇ ಇದೆ' ಅಂತ. ಒಪ್ಪಿದೆ. ಶ್ರೀಪತಿಯ ಅಲ್ಪತನ ತೋರಿಸಿದವರು ಅವರೇ. ಆದರೆ ಅರವತ್ತು ವರ್ಷದಿಂದ ನಾವು ಓದುಗರು, ವಿಮರ್ಶಕರು, ಎಂ.ಎ. ಪರೀಕ್ಷೆ ಬರೆದವರು ಏನು ಮಾಡಿದ್ದೇವೆ? ಪ್ರಾಣೇಶಾಚಾರ್ಯರ ದ್ವಂದ್ವದ ಮೇಲೆ ಬರೆದ ಪುಟಗಳನ್ನು ಒಂದು ತಕ್ಕಡಿಯಲ್ಲಿಡಿ, ಚಂದ್ರಿಯ ತೀರ್ಮಾನದ ಮೇಲೆ ಬರೆದ ಪುಟಗಳನ್ನು ಇನ್ನೊಂದರಲ್ಲಿಡಿ. 'ನಾರಣಪ್ಪನೂ ಸತ್ತನಲ್ಲ, ಗಂಡಸಿಗೂ ಶಿಕ್ಷೆ ಆಯಿತಲ್ಲ' ಅಂತಲೂ ಹೇಳಬಹುದು. ಹೌದು ಸತ್ತ. ಆದರೆ ಅವನ ಹೆಣ ಇಡೀ ಅಗ್ರಹಾರದ ಪ್ರಶ್ನೆಯಾಯಿತು. ಬದುಕಿರುವ ಚಂದ್ರಿ ಯಾರಿಗೂ ಪ್ರಶ್ನೆಯಾಗಲಿಲ್ಲ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಸಿನಿಮಾ ಮಾಡಿದಾಗ ಸೆನ್ಸಾರಿನಲ್ಲಿ ತಕರಾರು ಬಂತು. ತಕರಾರು ಬ್ರಾಹ್ಮಣ ಸಮುದಾಯದ ಚಿತ್ರಣದ ಬಗ್ಗೆ. ಅಲ್ಲೂ ಗಂಡಸರ ಮರ್ಯಾದೆಯದ್ದೇ ಜಗಳ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಹೆಣ್ಣುಮಗಳು ಜೈಲಿನಲ್ಲೂ ಸುಮ್ಮನಿರಲಿಲ್ಲ, ಬರೆದಳು. ತೆರೆಯ ಮೇಲೆ ಅವಳಿಗೆ ಸಿಕ್ಕ ಮಾತು ಮಾತ್ರ ಬಹಳ ಕಡಿಮೆ.

ಅದೇ 1965ರಲ್ಲಿ ಬಂದ ಇನ್ನೊಂದು ಕಾದಂಬರಿ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'. ಕಾತ್ಯಾಯನಿ ವಿಧವೆ. ಓದುತ್ತಾಳೆ, ಪ್ರೀತಿಸುತ್ತಾಳೆ, ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ಮರುಮದುವೆಯಾಗುತ್ತಾಳೆ. ಸರಿ, ಧೈರ್ಯ ಮಾಡಿದಳು ಅಂದುಕೊಳ್ಳುತ್ತೀರಿ. ಆಮೇಲೆ? ಗರ್ಭ ನಿಲ್ಲುವುದಿಲ್ಲ. ಮತ್ತೆ ಮತ್ತೆ ಗರ್ಭಪಾತ. ಮೈ ಕೃಶವಾಗುತ್ತಾ ಹೋಗಿ ಕೊನೆಗೆ ಸಾವು. ಬೇರೆ ಯಾರೂ ಅವಳನ್ನು ಶಿಕ್ಷಿಸಬೇಕಾಗಿಲ್ಲ, ಲೇಖಕರು ಆ ಕೆಲಸವನ್ನು ಅವಳ ಗರ್ಭಕೋಶಕ್ಕೇ ವಹಿಸಿಬಿಟ್ಟಿದ್ದಾರೆ! ಇದನ್ನು 'ಅವಳ ಪಾಪಪ್ರಜ್ಞೆ' ಅಂತ ವಿವರಿಸಿ ನಾವು ತಲೆಯಾಡಿಸಿದ್ದೇವೆ.

ಇನ್ನೊಂದು ಕಡೆ ಶ್ರೀನಿವಾಸ ಶ್ರೋತ್ರಿಗಳಿಗೂ ಆಘಾತವಾಗುತ್ತದೆ. ತಾವು ಇಷ್ಟು ದಿನ ಕಾಪಾಡಿಕೊಂಡು ಬಂದ ವಂಶ ತಮ್ಮ ಹುಟ್ಟಿನಲ್ಲೇ ಮುರಿದಿತ್ತು ಅಂತ ಗೊತ್ತಾಗುತ್ತದೆ. ಅಂದರೆ ವಂಶಶುದ್ಧಿ ಅನ್ನುವುದೇ ಸುಳ್ಳು ಅಂತ ಕಾದಂಬರಿಯೇ ಒಪ್ಪಿಕೊಂಡ ಹಾಗಾಯಿತು. ಇದು ಭೈರಪ್ಪನವರ ದೊಡ್ಡಸ್ತಿಕೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸತ್ಯ ಗೊತ್ತಾದ ಗಂಡಸಿಗೆ ಸಿಗುವುದು ಸನ್ಯಾಸ, ಗೌರವ, ಮುಂದಿನ ದಾರಿ. ಆ ಸುಳ್ಳಿನ ಬೆಲೆ ಕೊಟ್ಟವಳಿಗೆ ಸಿಗುವುದು ಚಟ್ಟ.

'ಕಾಲ ಹಾಗಿತ್ತು, ಬರೆದವರು ಇದ್ದದ್ದನ್ನು ಬರೆದರು' ಅನ್ನುವ ವಾದವೊಂದಿದೆ. ಇದ್ದದ್ದನ್ನೇ ಬರೆಯುವುದಾದರೆ ಮರುಮದುವೆಯಾಗಿ, ಮಕ್ಕಳನ್ನು ಹೆತ್ತು, ಸೊಸೆ ಜೊತೆ ಜಗಳವಾಡಿಕೊಂಡು ಎಂಬತ್ತು ವರ್ಷ ಬದುಕಿದ ಹೆಂಗಸರೂ ಈ ನಾಡಿನಲ್ಲಿ ಇದ್ದರಲ್ಲ, ಅವರೇಕೆ ಕಣ್ಣಿಗೆ ಬೀಳಲಿಲ್ಲ? ಜನ್ನನ 'ಯಶೋಧರ ಚರಿತೆ'ಯಲ್ಲಿ, ಎಂಟುನೂರು ವರ್ಷದ ಹಿಂದೆ, ರಾಣಿ ಅಮೃತಮತಿ ಒಬ್ಬ ಕುರೂಪಿ ಮಾವುತನ ಹಾಡು ಕೇಳಿ ಸೋಲುತ್ತಾಳೆ. ಹೆಣ್ಣಿಗೆ ಸ್ವಂತ ಆಸೆ ಇರುತ್ತದೆ, ಅದು ಗಂಡಸರ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ಆ ಕವಿಗೆ ಗೊತ್ತಿತ್ತು. ಅವನೂ ಅವಳನ್ನು ಕೊನೆಗೆ ನರಕಕ್ಕೆ ಕಳಿಸಿದ. ಎಂಟುನೂರು ವರ್ಷದಲ್ಲಿ ನರಕದ ವಿಳಾಸ ಬದಲಾಗಿದೆ ಅಷ್ಟೆ.

ಈಗ ಥಿಯೇಟರಿಗೆ ಬರೋಣ. ಪುಟ್ಟಣ್ಣ ಕಣಗಾಲ್ ಅಂದರೆ ಹೆಣ್ಣಿನ ನಿರ್ದೇಶಕ ಅನ್ನುವುದು ನಮ್ಮಲ್ಲಿ ಬಾಯಿಪಾಠ. ಕಲ್ಪನಾ, ಆರತಿ, ಜಯಂತಿ ಇವರಿಗೆಲ್ಲ ಪುಟ್ಟಣ್ಣ ಕೊಟ್ಟ ಪಾತ್ರಗಳನ್ನು ಬೇರೆ ಯಾರೂ ಕೊಡಲಿಲ್ಲ, ನಿಜ. ಆದರೆ 'ನಾಗರಹಾವು' (1972) ಮತ್ತೊಮ್ಮೆ ನೋಡಿ. ಅಲಮೇಲುವಿನ ಬದುಕಿನ ತೀರ್ಮಾನ ಯಾರು ಮಾಡುತ್ತಾರೆ? ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ಕೊಟ್ಟು ಮದುವೆ ಮಾಡುತ್ತೇನೆ ಅಂತ ಅಣ್ಣ ವರದ ಮಾತು ಕೊಡುತ್ತಾನೆ. ಆಮೇಲೆ ಮಾತು ತಪ್ಪುತ್ತಾನೆ. ಚಾಮಯ್ಯ ಮೇಷ್ಟ್ರು ಬಂದು ಅವಳನ್ನು ಬಿಟ್ಟುಕೊಡು ಅನ್ನುತ್ತಾರೆ. ರಾಮಾಚಾರಿ ಗುರುಭಕ್ತಿಯಿಂದ ಬಿಟ್ಟುಕೊಡುತ್ತಾನೆ. ಮೂರು ಜನ ಗಂಡಸರ ನಡುವೆ ಅವಳು ಸೈಟಿನ ಹಾಗೆ ಕೈ ಬದಲಾಗುತ್ತಾಳೆ. ಕೊನೆಗೆ ಆ ಮದುವೆಯೇ ಅವಳನ್ನು ಮೈ ಮಾರುವ ಕೋಣೆಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಅವಳನ್ನು ಕಂಡಾಗ ನಾವು ಅಳುವುದು ಯಾರಿಗಾಗಿ? ರಾಮಾಚಾರಿಗಾಗಿ! ಅವನ ತ್ಯಾಗ ವ್ಯರ್ಥವಾಯಿತಲ್ಲ ಅಂತ. ಕುಸಿದದ್ದು ಅವಳ ಬದುಕು, ಕ್ಯಾಮೆರಾ ಹುಡುಕುವುದು ಅವನ ಮುಖ.

ಆದರೆ ಅದೇ ಪುಟ್ಟಣ್ಣನವರ 'ಶರಪಂಜರ' (1971) ಬೇರೆ. ಯಾಕೆ ಬೇರೆ ಅನ್ನುವುದೇ ನನ್ನ ವಾದದ ಗಂಟು. ಅಲ್ಲೂ ಕಾವೇರಿಯ ಕತೆ ದುರಂತವೇ. ಬಾಣಂತಿತನದ ನಂತರ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಆದರೆ ಗಂಡ, ನೆಂಟರು, ಬೀದಿಯವರು ಯಾರೂ ಅವಳನ್ನು ಗುಣವಾದವಳು ಅಂತ ಒಪ್ಪುವುದಿಲ್ಲ. ಹಳೆಯ ಸಂಬಂಧದ ನೆಪ ಹಿಡಿದು ದೂರ ಇಡುವ ಗಂಡ ತಾನು ಬೇರೊಬ್ಬಳ ಜೊತೆ ಆರಾಮಾಗಿರುತ್ತಾನೆ. ಮತ್ತೆ ಹುಚ್ಚು, ಮತ್ತೆ ಆಸ್ಪತ್ರೆ. ಕೊನೇ ರೀಲಿನಲ್ಲಿ ಅವಳು ಸೋತಳು. ಆದರೆ ಸೋಲಿಸಿದವರು ಯಾರು ಅಂತ ಕತೆ ಬೆರಳು ಮಾಡಿ ತೋರಿಸುತ್ತದೆ. ಥಿಯೇಟರಿನಿಂದ ಹೊರಬಂದ ಯಾವ ಗಂಡಸಿಗೂ 'ಪಾಪ, ಅವಳ ಹಣೆಬರಹ' ಅಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು? ಮೂಲ ಕಾದಂಬರಿ ಬರೆದವರು ತ್ರಿವೇಣಿ. ಮನಃಶಾಸ್ತ್ರ ಓದಿದವರು. ಹೆರಿಗೆಯ ನಂತರ ಹೆಂಗಸಿನ ಮನಸ್ಸಿಗೆ ಏನಾಗಬಹುದು ಅನ್ನುವುದನ್ನು ದೆವ್ವ, ಶಾಪ, ಕರ್ಮ ಅನ್ನದೆ ಕಾಯಿಲೆ ಅಂತ ಕರೆದವರು. 1963ರಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ನಮ್ಮ ವಿಮರ್ಶಕರು ಇಂಥವರನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಅಂತ ಬದಿಗಿಟ್ಟು, ಗಂಡಸರ ಒಳತೋಟಿಯನ್ನು 'ಅಸ್ತಿತ್ವವಾದ' ಅಂತ ತಲೆಮೇಲೆ ಹೊತ್ತುಕೊಂಡರು. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಪುಟ ಹರಿಯುವವರೆಗೂ ಓದಿದ ಹೆಂಗಸರಿಗೆ ಯಾವುದು ಸಾಹಿತ್ಯ ಅಂತ ಗೊತ್ತಿತ್ತು.

ಹೀಗಾಗಿ ನನ್ನ ಪ್ರಶ್ನೆ 'ಅವಳು ಸತ್ತಳಾ ಬದುಕಿದಳಾ' ಅನ್ನುವಷ್ಟು ಸರಳ ಅಲ್ಲ. ಸಾಯಿಸುವುದು ಬೇರೆ, ಸಾಯಿಸಿದವರು ಯಾರು ಅಂತ ಹೇಳುವುದು ಬೇರೆ. ಹೆಣ್ಣಿನ ಮೈಗೆ ಬಿದ್ದ ಪೆಟ್ಟನ್ನು ಕತೆ ನ್ಯಾಯ ಅಂತ ತೋರಿಸುತ್ತದೋ ಅನ್ಯಾಯ ಅಂತ ತೋರಿಸುತ್ತದೋ? ಪೆಟ್ಟು ಬಿದ್ದಾಗ ಕ್ಯಾಮೆರಾ ಯಾರ ಮುಖಕ್ಕೆ ತಿರುಗುತ್ತದೆ? ಮತ್ತೊಂದು, ಆ ಮೈ ಅವಳಿಗೆ ಏನಾದರೂ ಹೇಳುತ್ತದೋ ಇಲ್ಲವೋ? ಹಸಿವು, ಸುಸ್ತು, ಮುಟ್ಟು, ಬೆನ್ನುನೋವು, ಆಸೆ, ಬೇಡ ಅನ್ನಿಸುವುದು... ಇದ್ಯಾವುದೂ ಇಲ್ಲದ ಮೈ ಮೈಯಲ್ಲ, ಅಂಗಡಿ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದ ಗೊಂಬೆ.

ಕಮರ್ಷಿಯಲ್ ಸಿನಿಮಾಕ್ಕೆ ಈ ಪ್ರಶ್ನೆ ಹಾಕಿ ನೋಡಿ. ಷೇಕ್ಸ್‌ಪಿಯರನ 'ಟೇಮಿಂಗ್ ಆಫ್ ದ ಶ್ರೂ' ನಮ್ಮವರಿಗೆ ಎಷ್ಟು ಇಷ್ಟ ಅಂದರೆ ಅದು ರಂಗಭೂಮಿ ದಾಟಿ 'ಬಹದ್ದೂರ್ ಗಂಡು' (1976) ಆಯಿತು, 'ನಂಜುಂಡಿ ಕಲ್ಯಾಣ' (1989) ಆಯಿತು, ಎರಡೂ ಭರ್ಜರಿ ಓಡಿದವು. ಜಂಬದ ಹೆಣ್ಣು, ಅವಳನ್ನು ಹದ್ದುಬಸ್ತಿಗೆ ತರುವ ಗಂಡು. 'ಗಂಡುಬೀರಿ' ಅನ್ನುವ ಬೈಗುಳ ನಮ್ಮಲ್ಲಿದೆ. ಅದಕ್ಕೆ ಸರಿಸಮನಾಗಿ ಜಂಬದ ಗಂಡಸಿಗೆ ಒಂದು ಬೈಗುಳ ಹುಡುಕಿ ನೋಡೋಣ! ಅವನಿಗೆ 'ಹುಲಿ', 'ಸಿಂಹ' ಅಂತ ಟೈಟಲ್ ಕಾರ್ಡ್ ಹಾಕುತ್ತೇವೆ. ತಮಾಷೆ ಏನು ಗೊತ್ತಾ, ನಂಜುಂಡಿ ಕಲ್ಯಾಣದಲ್ಲಿ ಪಳಗಿಸಲ್ಪಟ್ಟ ಮಾಲಾಶ್ರೀಯೇ ಆಮೇಲೆ ಖಾಕಿ ತೊಟ್ಟು ವಿಲನ್‌ಗಳನ್ನು ಚಚ್ಚಿದರು, ಅದಕ್ಕೂ ಜನ ಮುಗಿಬಿದ್ದರು. 'ಜನ ನೋಡಲ್ಲ' ಅನ್ನುವುದು ನಿರ್ಮಾಪಕರ ಸುಳ್ಳು.

ಎಂಬತ್ತು ತೊಂಬತ್ತರ ದಶಕದ ತಂಗಿಯನ್ನು ಮರೆಯಲು ಸಾಧ್ಯವೇ? ಮೊದಲರ್ಧದಲ್ಲಿ ರಾಖಿ ಕಟ್ಟುತ್ತಾಳೆ, ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಅವಳ ಮೇಲೆ ಅತ್ಯಾಚಾರ, ಮರುದಿನ ಫ್ಯಾನಿಗೆ ನೇಣು. ಹೀರೋ ಕಿರುಚುತ್ತಾನೆ, ದ್ವಿತೀಯಾರ್ಧಕ್ಕೆ ಪೆಟ್ರೋಲ್ ಸಿಕ್ಕಿತು. ಡೈಲಾಗ್ ನೆನಪಿದೆಯಾ? 'ಕೆಡಿಸಿಬಿಟ್ಟ' ಅನ್ನುತ್ತಾರೆ. ಹಾಲು ಕೆಡುತ್ತದೆ, ಸಾರು ಕೆಡುತ್ತದೆ, ಮನುಷ್ಯರೂ ಕೆಡುತ್ತಾರಾ? ಅದೂ ಬೇರೆಯವನು ಮಾಡಿದ ಅಪರಾಧಕ್ಕೆ! ಕೆಟ್ಟುಹೋದ ಹಾಲನ್ನು ಚೆಲ್ಲುತ್ತೇವೆ. ಅವಳನ್ನೂ ಚೆಲ್ಲಿದರು. ಒಂದು ಕ್ರಿಯಾಪದದಲ್ಲಿ ಇಡೀ ಕ್ಲೈಮ್ಯಾಕ್ಸ್ ಇದೆ.

'ಸಿನಿಮಾ ತಾನೇ, ಬಿಡ್ರೀ' ಅನ್ನುವವರಿಗೆ ಒಂದು ವಿಷಯ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶ ಹೊರಬಂತು. ಅತ್ಯಾಚಾರದ ದೂರು ಕೊಟ್ಟ ಹೆಣ್ಣುಮಗಳು ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಅಂದಿದ್ದಳು. ಇದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹೀಗೆ ನಡೆದುಕೊಳ್ಳುವುದಿಲ್ಲ ಅನ್ನುವ ಅರ್ಥದ ಮಾತು ಆ ಆದೇಶದಲ್ಲಿತ್ತು. ದೇಶದ ತುಂಬ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಮಾತನ್ನು ತೆಗೆದುಹಾಕಿದರು. ತೆಗೆದದ್ದು ಒಳ್ಳೆಯದಾಯಿತು. ಆದರೆ ನನಗೆ ಕಾಡುವುದು ಬೇರೆ. ನಿದ್ದೆ ಬಂದರೆ ಸುಳ್ಳು, ಬಾವಿ ಹಾರಿದರೆ ನಿಜ ಅನ್ನುವ ಈ ಕಲ್ಪನೆ ನಮ್ಮ ಸಮಾಜದ ತಲೆಗೆ ಎಲ್ಲಿಂದ ಹೊಕ್ಕಿತು? ಕಾನೂನಿನ ಪುಸ್ತಕದಲ್ಲಂತೂ ಇಲ್ಲ. ಕೆದರಿದ ಕೂದಲು, ಅಳಿಸಿದ ಕುಂಕುಮ, ಗುಡುಗು ಮಿಂಚು, ಮರುದಿನ ಹೆಣ.... ಇದನ್ನು ನಾವೆಲ್ಲ ನೂರು ಸಲ ನೋಡಿದ್ದೇವೆ. ನೋಡಿ ನೋಡಿ, ಅಪರಾಧಕ್ಕೆ ಒಳಗಾದವಳು ಹೀಗೇ ಇರಬೇಕು ಅಂತ ಪಾಠ ಕಲಿತಿದ್ದೇವೆ. ಎಚ್ಚರವಾಗಿ, ನಿದ್ದೆ ಮಾಡಿ, ಎದ್ದು, ತಿಂಡಿ ತಿಂದು, ಸ್ಟೇಷನ್ನಿಗೆ ನಡೆದು ಬಂದವಳನ್ನು ನಂಬುವುದಕ್ಕೆ ನಮಗೆ ಒಂದು ದೃಶ್ಯವನ್ನೂ ಯಾರೂ ಬರೆದುಕೊಟ್ಟಿಲ್ಲ.

ಎರಡು ಬೆರಳಿನ ಪರೀಕ್ಷೆ ಕೂಡದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು. ಹೆಣ್ಣಿನ ಬಗ್ಗೆ ಇರುವ ಇಂಥ ಸಿದ್ಧಕಲ್ಪನೆಗಳ ವಿರುದ್ಧ 2023ರ ಆಗಸ್ಟಿನಲ್ಲಿ ನ್ಯಾಯಾಧೀಶರು, ವಕೀಲರಿಗೆಂದೇ ಒಂದು ಕೈಪಿಡಿ ಹೊರಡಿಸಬೇಕಾಯಿತು. ಭಾರತೀಯ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂತು, ಆದರೆ ಹಲ್ಲೆಯನ್ನು ಹೆಣ್ಣಿನ 'ಮಾನ'ಕ್ಕೆ ಕಟ್ಟುವ ಹಳೆಯ ಪದ ಮಾತ್ರ ಹಾಗೇ ಉಳಿಯಿತು. ಕತೆಯಲ್ಲಿ ಬರೆದದ್ದು ಕತೆಯಲ್ಲೇ ಇರುವುದಿಲ್ಲ.

ಈಗಿನ ಸಿನಿಮಾ ಬದಲಾಗಿದೆ ಅನ್ನುತ್ತೀರಾ? 2022ರಲ್ಲಿ ಎರಡು ಕನ್ನಡ ಸಿನಿಮಾಗಳು ದೇಶವನ್ನೇ ಗೆದ್ದವು. ನನಗೂ ಹೆಮ್ಮೆ ಇದೆ. 'ಕೆಜಿಎಫ್ ಚಾಪ್ಟರ್ 2'ರಲ್ಲಿ ರಾಕಿ ರೀನಾಳನ್ನು ಗಣಿಗೆ ಎತ್ತಿಕೊಂಡು ಹೋಗುತ್ತಾನೆ. ಯಾಕೆ? ಮನರಂಜನೆಗೆ. ಹಾಗಂತ ಅವನೇ ಹೇಳುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಆಮೇಲೆ ಪ್ರೀತಿ, ಮದುವೆ, ಬಸಿರು. ತಾನು ಬಸುರಿ ಅಂತ ಹೇಳಿದ ಹೊತ್ತಿಗೇ ಗುಂಡು ಬೀಳುತ್ತದೆ. ಮುಂದೆ ರಾಕಿಯ ರೋಷ. ಎಂಬತ್ತರ ದಶಕದ ತಂಗಿಯ ಜಾಗಕ್ಕೆ ಬಸುರಿ ಹೆಂಡತಿ ಬಂದಳು, ಪೆಟ್ರೋಲು ಅದೇ. 'ಅದರಲ್ಲಿ ಹೆಣ್ಣು ಪ್ರಧಾನಿ ಇದ್ದಾಳಲ್ಲ' ಅನ್ನಬಹುದು. ಇದ್ದಾಳೆ, ಖಡಕ್ಕಾಗಿಯೇ ಇದ್ದಾಳೆ. ಪ್ರಧಾನಿಗೆ ಅಧಿಕಾರ ಕೊಟ್ಟಿದ್ದಾರೆ, ಮೈ ಕೊಟ್ಟಿಲ್ಲ. ರೀನಾಗೆ ಮೈ ಕೊಟ್ಟಿದ್ದಾರೆ, ಅಧಿಕಾರ ಕೊಟ್ಟಿಲ್ಲ. ಒಬ್ಬಳಲ್ಲೇ ಎರಡನ್ನೂ ಇಡುವ ಧೈರ್ಯ ಇನ್ನೂ ಬಂದಿಲ್ಲ.

'ಕಾಂತಾರ'ದ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು, ಯಾಕೆಂದರೆ ಅದು ಇನ್ನೂ ಒಳ್ಳೆಯ ಸಿನಿಮಾ. ನೆಲ ಯಾರದು, ಕಾಡು ಯಾರದು, ಬೇಲಿ ಹಾಕುವ ಹಕ್ಕು ಯಾರದು ಅಂತ ಕೇಳುವ ಸಿನಿಮಾ. ಅಂಥ ಸಿನಿಮಾದ ನಾಯಕ ಲೀಲಾಳ ಸೊಂಟ ಚಿವುಟುತ್ತಾನೆ, ಅವಳನ್ನು ಕೇಳದೆ. ಅದೇ ಪ್ರೀತಿಯ ಶುರು! ಅಪ್ಪಣೆಯಿಲ್ಲದೆ ಕಾಡಿಗೆ ಕೈ ಹಾಕಿದರೆ ದೈವವೇ ಎದ್ದು ಬರುತ್ತದೆ, ಅಪ್ಪಣೆಯಿಲ್ಲದೆ ಅವಳ ಸೊಂಟಕ್ಕೆ ಕೈ ಹಾಕಿದರೆ ಹಾಡು ಬರುತ್ತದೆ. ಹೋಗಲಿ, ಲೀಲಾ ಯಾರು? ಫಾರೆಸ್ಟ್ ಗಾರ್ಡ್. ಸರ್ಕಾರಿ ಸಮವಸ್ತ್ರ ತೊಟ್ಟು ತನ್ನ ಊರಿನವರ ವಿರುದ್ಧವೇ ಬೇಲಿ ಹಾಕಬೇಕಾದವಳು. ಒಂದು ಕಡೆ ಸಂಬಳ, ಒಂದು ಕಡೆ ಮನೆ. ಆ ಸಿನಿಮಾದ ಅತ್ಯಂತ ಕಷ್ಟದ ಜಾಗದಲ್ಲಿ ನಿಂತಿದ್ದವಳು ಅವಳೇ. ಅವಳ ಇಕ್ಕಟ್ಟಿಗೆ ಸಿಕ್ಕಿದ್ದಕ್ಕಿಂತ ಅವಳ ಸೊಂಟಕ್ಕೇ ಹೆಚ್ಚು ಗಮನ ಸಿಕ್ಕಿತು.

ಇನ್ನು ಕೆಲವು ಬುದ್ಧಿವಂತ ನಿರ್ದೇಶಕರು ಬೇರೆ ದಾರಿ ಹಿಡಿದಿದ್ದಾರೆ. ಹೀರೋಯಿನ್ನೇ ಬೇಡ! 'ಗರುಡ ಗಮನ ವೃಷಭ ವಾಹನ' (2021) ಅಂಥದ್ದು, ಒಳ್ಳೆಯ ಸಿನಿಮಾನೇ. ಬಲವಂತದ ಲವ್ ಟ್ರ್ಯಾಕ್‌ಗಿಂತ ಇದು ವಾಸಿ ಅಂತ ನೀವು ಅನ್ನಬಹುದು. ಆದರೆ ತಪ್ಪಾಗಿ ಬರೆಯುತ್ತೇನೋ ಅಂತ ಬರೆಯುವುದನ್ನೇ ಬಿಟ್ಟರೆ ಅದು ಉತ್ತರವಲ್ಲ. ಊರಿನ ಅರ್ಧ ಜನರನ್ನು ಮನೆಯೊಳಗೆ ಕೂರಿಸಿ ಊರಿನ ಕತೆ ಹೇಳಲಾಗುವುದಿಲ್ಲ.

ಹಾಗಾದರೆ ಸರಿಯಾಗಿ ಮಾಡಿದವರು ಯಾರು ಅಂತ ಕೇಳುತ್ತೀರಿ. ಇದ್ದಾರೆ, ಬೇಕಾದಷ್ಟು ಜನ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಬಾಲವಿಧವೆ, ತಲೆ ಬೋಳಿಸಿದ ಮೈ. ಲೋಕದ ಲೆಕ್ಕದಲ್ಲಿ ಮುಗಿದುಹೋದ ಮೈ. ಆದರೆ ಆ ಮೈಗೆ ಒಂದು ಕೈ ಇದೆ. ಕಷ್ಟದ ಹೆರಿಗೆಯಲ್ಲಿ ಒದ್ದಾಡುತ್ತಿದ್ದ ದಲಿತ ಹೆಣ್ಣುಮಗಳಿಗೆ, ಮಡಿ ಮೈಲಿಗೆ ಬದಿಗಿಟ್ಟು, ಆ ಕೈ ಹೆರಿಗೆ ಮಾಡಿಸುತ್ತದೆ. ಮುಂದೆ ದಾಕ್ಷಾಯಣಿ ಅನ್ನುವ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಲ್ಲುವವಳು ಇದೇ ಫಣಿಯಮ್ಮ. ತಾನು ಅನುಭವಿಸಿದ್ದನ್ನು ಇನ್ನೊಬ್ಬಳು ಅನುಭವಿಸಲಿ ಅನ್ನುವುದಿಲ್ಲ. ಪ್ರೇಮಾ ಕಾರಂತರು ಇದನ್ನು 1983ರಲ್ಲಿ ತೆರೆಗೆ ತಂದರು. ಫಣಿಯಮ್ಮನಾದವರು ಎಲ್.ವಿ. ಶಾರದಾ. 'ವಂಶವೃಕ್ಷ' ಸಿನಿಮಾದ ಕಾತ್ಯಾಯನಿಯೂ ಅವರೇ! ಒಬ್ಬಳೇ ನಟಿ, ಎರಡು ವಿಧವೆಯರು. ಒಂದು ಕತೆಯಲ್ಲಿ ಆ ಮೈ ಶಿಕ್ಷೆ ಅನುಭವಿಸುತ್ತದೆ, ಇನ್ನೊಂದರಲ್ಲಿ ಅದೇ ಮೈಗೆ ಬುದ್ಧಿಯಿದೆ, ಕಸುಬಿದೆ, ಕರುಣೆಯಿದೆ.

ವೈದೇಹಿಯವರ ಅಕ್ಕು ಇದ್ದಾಳೆ. ಗಂಡ ಬಿಟ್ಟುಹೋದವಳು, ಮನೆಯವರೆಲ್ಲ ಹುಚ್ಚಿ ಅನ್ನುವವಳು, ಬಸುರಿ ಅಂತ ತಾನೇ ಸಾರಿಕೊಂಡು ತಿರುಗುವವಳು. ಬೇರೆಯವರ ಕೈಯಲ್ಲಿ ಸಿಕ್ಕಿದ್ದರೆ ನಗೆಪಾಟಲಾಗುತ್ತಿದ್ದಳು. ವೈದೇಹಿ ಕೈಯಲ್ಲಿ ಅವಳ ಹುಚ್ಚು ಇಡೀ ಮನೆಯ ಬಂಡವಾಳ ಬಯಲು ಮಾಡುತ್ತದೆ. ಅವರದೇ ಕತೆಯಿಂದ ಹುಟ್ಟಿದ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಕೂಡ ಹಾಗೇ. ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಉಮಾಶ್ರೀಯವರ ಮೈಯನ್ನು ನಮ್ಮ ಸಿನಿಮಾ ಎಷ್ಟು ವರ್ಷ ಡಬಲ್ ಮೀನಿಂಗ್ ಜೋಕಿಗೆ ಬಳಸಿಕೊಂಡಿತು ಅಂತ ನೆನಪಿಸಿಕೊಳ್ಳಿ. ಕಲಾವಿದೆ ಮೊದಲಿಂದಲೂ ಅವರೇ, ನೋಡುವ ಕಣ್ಣು ಮಾತ್ರ ಬೇರೆಯಾಯಿತು.

ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಕುಣಿದೆವು. ಕುಣಿದವರಲ್ಲಿ ಎಷ್ಟು ಜನ 'ಕರಿನಾಗರಗಳು' ಓದಿದ್ದಾರೆ? ಗಂಡ ಕೈಬಿಟ್ಟ ಹೆಣ್ಣು ಮಕ್ಕಳ ಜೊತೆ ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ. ಮುತವಲ್ಲಿ ನ್ಯಾಯ ಕೊಡುವುದಿಲ್ಲ. ಕೊನೆಗೆ ಅದೇ ಮುತವಲ್ಲಿಯ ಹೆಂಡತಿ ಇನ್ನು ಹೆರುವುದು ಸಾಕು ಅಂತ ಆಪರೇಷನ್ನಿಗೆ ಹೊರಡುತ್ತಾಳೆ. ಒಬ್ಬಳ ಮೇಲಾದ ಅನ್ಯಾಯ ಕಂಡು ಇನ್ನೊಬ್ಬಳು ತನ್ನ ಮೈಯ ಬಗ್ಗೆ ತಾನೇ ತೀರ್ಮಾನ ಮಾಡುತ್ತಾಳೆ. ಕೊನೇ ರೀಲು ಅಂದರೆ ಹೀಗಿರಬೇಕು. ಇದೇ ಕತೆ ಕಾಸರವಳ್ಳಿಯವರ 'ಹಸೀನಾ' (2004) ಆಯಿತು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಮಂಸೋರೆಯವರ 'ನಾತಿಚರಾಮಿ' (2018) ನೋಡಿ, ಗಂಡ ಸತ್ತ ಗೌರಿಗೆ ಮೈಯ ಆಸೆ ಇದೆ, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಅದಕ್ಕಾಗಿ ಕತೆ ಅವಳನ್ನು ಸಾಯಿಸುವುದಿಲ್ಲ, ಹುಚ್ಚಿ ಮಾಡುವುದಿಲ್ಲ, ಗರ್ಭಪಾತ ಮಾಡಿಸುವುದಿಲ್ಲ. ಆಕಾಶವೂ ಬೀಳಲಿಲ್ಲ, ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.

ಇವರಲ್ಲಿ ಹೆಚ್ಚಿನವರು ಹೆಂಗಸರು, ಅಥವಾ ಹೆಂಗಸರು ಬರೆದದ್ದನ್ನು ನಂಬಿ ಸಿನಿಮಾ ಮಾಡಿದ ಗಂಡಸರು. ಇದು ಆಕಸ್ಮಿಕ ಅಲ್ಲ. ಬರೆಯುವ ಕೋಣೆಯಲ್ಲಿ, ಎಡಿಟಿಂಗ್ ಟೇಬಲ್ಲಿನಲ್ಲಿ, ದುಡ್ಡು ಹಾಕುವ ಕಡೆ ಯಾರು ಕೂತಿದ್ದಾರೆ ಅನ್ನುವುದು ತೆರೆಯ ಮೇಲೆ ಕಂಡೇ ಕಾಣುತ್ತದೆ. ಕೇರಳದ ಹೇಮಾ ಸಮಿತಿ 2019ರಲ್ಲಿ ಕೊಟ್ಟ ವರದಿ ಹೊರಗೆ ಬರಲು 2024ರ ಆಗಸ್ಟ್ ತನಕ ಕಾಯಬೇಕಾಯಿತು. ಮರುತಿಂಗಳೇ ನಮ್ಮಲ್ಲೂ ಅಂಥದ್ದೊಂದು ಸಮಿತಿ ಬೇಕು ಅಂತ 'ಫೈರ್' ಸಂಘಟನೆಯವರು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಆಗ ಕೆಲವರು 'ನಮ್ಮ ಇಂಡಸ್ಟ್ರಿ ಒಂದು ಕುಟುಂಬ' ಅಂದರು. ಕುಟುಂಬದೊಳಗೆ ಹೆಣ್ಣಿನ ಮೈಗೆ ಏನೇನಾಗುತ್ತದೆ ಅಂತ ತ್ರಿವೇಣಿ, ಇಂದಿರಾ, ವೈದೇಹಿ, ಬಾನು ಎಲ್ಲರೂ ಬರೆದಿಟ್ಟಿದ್ದಾರಲ್ಲ, ಓದಿಕೊಳ್ಳಲಿ.

ನಾನು ಯಾವ ಪುಸ್ತಕವನ್ನೂ ಸುಡಿ, ಯಾವ ಸಿನಿಮಾವನ್ನೂ ಬ್ಯಾನ್ ಮಾಡಿ ಅನ್ನುತ್ತಿಲ್ಲ. 'ಸಂಸ್ಕಾರ' ಓದಿ, 'ವಂಶವೃಕ್ಷ' ಓದಿ, 'ನಾಗರಹಾವು' ಹತ್ತನೇ ಸಲ ನೋಡಿ. ಈ ಸಲ ಕತೆ ತೋರಿಸುವ ಕಡೆ ಮಾತ್ರ ನೋಡಬೇಡಿ. ಚಂದ್ರಿ ಕುಂದಾಪುರಕ್ಕೆ ನಡೆದ ದಾರಿಯ ಕಡೆ ನೋಡಿ, ಅಲಮೇಲು ನಿಂತ ಕೋಣೆಯ ಕಡೆ ನೋಡಿ. ಬರೆಯುವವರಾದರೆ ಇನ್ನೊಂದು ಕೆಲಸ. ನಿಮ್ಮ ಮುಂದಿನ ಕತೆಯಲ್ಲಿ ಒಬ್ಬ ಹೆಂಗಸು ತನ್ನಿಷ್ಟದಂತೆ ಏನಾದರೂ ಮಾಡಲಿ. ಮಾಡಿದ ಮೇಲೆ ಅವಳಿಗೆ ಕ್ಯಾನ್ಸರ್ ಬರಿಸಬೇಡಿ, ಲಾರಿ ಹತ್ತಿಸಬೇಡಿ, ಬಾವಿ ತೋಡಬೇಡಿ. ಮರುದಿನ ಬೆಳಗ್ಗೆ ಎದ್ದು ಹಾಲು ಕಾಯಿಸಿಕೊಂಡು ಕಾಫಿ ಕುಡಿಯಲಿ. ಆಮೇಲೆ ಏನು ಮಾಡುತ್ತಾಳೆ ಅನ್ನುವುದರಿಂದ ನಿಮ್ಮ ಕತೆ ಶುರುವಾಗಲಿ.

ಬಯ್ಯುವವರು ಕೆಳಗೆ ಧಾರಾಳವಾಗಿ ಬಯ್ಯಿರಿ. ಆದರೆ ಬಯ್ಯುವಾಗ, ಆಸೆಪಟ್ಟೂ ಕೊನೇ ಪುಟದವರೆಗೆ ಆರೋಗ್ಯವಾಗಿ ಬದುಕಿದ, ಗಂಡಸರು ಬರೆದ ಐದು ಕನ್ನಡ ನಾಯಕಿಯರ ಹೆಸರನ್ನೂ ಜೊತೆಗೆ ಬರೆಯಿರಿ. ಕಾಯುತ್ತಿರುತ್ತೇನೆ.